ಕಾದ ಲೋಹ ಜಗ್ಗುವ ಬಗೆ: ಒಂದು ಲೋಹವಿಜ್ಞಾನ ಪರಿಕಲ್ಪನೆಯ ಕನ್ನಡ ನಿರೂಪಣೆ

1. ಪ್ರಸ್ತಾವನೆ

ವಿಜ್ಞಾನದ ಪಾರಿಭಾಷಿಕ ಪದಗಳ ಚರ್ಚೆ ಕನ್ನಡಕ್ಕೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಬಂದ ಕಾಲದಿಂದಲೂ ಈ ಚರ್ಚೆ ನಡೆದೇ ಇದೆ. ಆದರೆ ಇದು ಬಹುಮಟ್ಟಿಗೆ ನಾಮಪದಗಳ ಸುತ್ತಲೇ ಸುಳಿದಾಡಿದೆ. ಇಂಗ್ಲಿಷಿನ ಒಂದು ನಾಮಪದಕ್ಕೆ ಸಂಸ್ಕೃತದಿಂದಲೋ ಅಚ್ಚಗನ್ನಡದಿಂದಲೋ ಇನ್ನೊಂದು ನಾಮಪದವನ್ನು ಟಂಕಿಸಿ ಪಟ್ಟಿಗೆ ಸೇರಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ನಮ್ಮಲ್ಲಿದೆ. ಹಾಗೆ ಸೇರಿದ ಪದ ಓದುಗನ ಮನಸ್ಸಿನಲ್ಲಿ ಸರಿಯಾದ ಚಿತ್ರವನ್ನು ಮೂಡಿಸುತ್ತದೆಯೇ ಎಂಬ ಪರೀಕ್ಷೆ ನಡೆದದ್ದು ಕಡಿಮೆ.

ಈ ಮಾತನ್ನು ನನ್ನದೇ ತಪ್ಪಿನ ಆಧಾರದ ಮೇಲೆ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ತಾಂತ್ರಿಕ ಪಠ್ಯವೊಂದರ ಕನ್ನಡ ಅನುವಾದದಲ್ಲಿ ಭಾಷಾಸಹಾಯಕನಾಗಿದ್ದಾಗ ‘ಕ್ರೀಪ್’ ಎಂಬ ಪದಕ್ಕೆ ‘ವಿಸರ್ಪಣ’ ಎಂದು ಸೂಚಿಸಿದೆ. ಸೃಪ್ ಧಾತುವಿನಿಂದ ಬಂದ ಈ ಪದಕ್ಕೆ ವ್ಯಾಕರಣದ ದೃಷ್ಟಿಯಿಂದ ಯಾವ ದೋಷವೂ ಇರಲಿಲ್ಲ. ಕರಡನ್ನು ಓದಿದ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬ, ಹಿಂದಿನ ಅಧ್ಯಾಯದಲ್ಲಿ ಬಂದ ‘ವಿಸರಣ’ವೂ ಇದೂ ಒಂದೇ ಅಲ್ಲವೇ ಎಂದು ಕೇಳಿದ. ವಿಸರಣವೆಂದರೆ ಪರಮಾಣುಗಳು ಒಂದರೊಳಗೊಂದು ಹರಡಿಕೊಳ್ಳುವ ಕ್ರಿಯೆ. ಕ್ರೀಪ್ ಎಂದರೆ ಹೊರೆ ಹೊತ್ತ ಲೋಹ ಕಾಲಕ್ರಮದಲ್ಲಿ ಆಕಾರಗೆಡುವುದು. ಮೊದಲನೆಯದು ಎರಡನೆಯದಕ್ಕೆ ಕಾರಣ. ಕಾರಣಕ್ಕೂ ಕಾರ್ಯಕ್ಕೂ ಒಂದಕ್ಷರದ ವ್ಯತ್ಯಾಸದ ಹೆಸರುಗಳನ್ನಿಟ್ಟು ಇಡೀ ಅಧ್ಯಾಯವನ್ನು ನಾನು ಕದಡಿಬಿಟ್ಟಿದ್ದೆ. ‘ವಿಸರ್ಪ’ ಆಯುರ್ವೇದದಲ್ಲಿ ಒಂದು ಚರ್ಮವ್ಯಾಧಿಯ ಹೆಸರೂ ಹೌದೆಂಬುದು ಆಮೇಲೆ ತಿಳಿಯಿತು.

2021-22ರ ಶೈಕ್ಷಣಿಕ ವರ್ಷದಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅವಕಾಶ ನೀಡಿತು. ಅಂದಿನಿಂದ ಇಂತಹ ಅನುವಾದಗಳು ಕನ್ನಡ ಅಧ್ಯಾಪಕರ ಮೇಜಿಗೂ ಬರುತ್ತಿವೆ. ಆದಕಾರಣ ಕ್ರೀಪ್ ಎಂಬ ಒಂದೇ ಪರಿಕಲ್ಪನೆಯನ್ನೂ ಅದನ್ನು ತಡೆಯಲು ಮಿಶ್ರಲೋಹಗಳನ್ನು ಬಲಪಡಿಸುವ ವಿಧಾನಗಳನ್ನೂ ಕನ್ನಡದಲ್ಲಿ ಕೊನೆಯವರೆಗೆ ಹೇಳಿನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2. ದೇವರಾಯಸಮುದ್ರದ ಕುಲುಮೆ: ನಾಲ್ಕು ಕ್ರಿಯಾಪದಗಳು

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ ಬೆಂಗಳೂರು-ಚೆನ್ನೈ ಹೆದ್ದಾರಿಯ ಮಗ್ಗುಲಿನ ಊರು. ಹೆಸರಿನಲ್ಲಿ ಸಮುದ್ರವಿದ್ದರೂ ಅದು ಸೂಚಿಸುವುದು ಕೆರೆಯನ್ನು. ನದಿಯಿಲ್ಲದ ಸೀಮೆ ತನ್ನ ಕೆರೆಗಳಿಗೆ ಇಷ್ಟು ಧಾರಾಳವಾಗಿ ಹೆಸರಿಟ್ಟಿರುವುದು ಸಹಜವೇ. ಸುತ್ತಲೂ ಕಗ್ಗಲ್ಲಿನ ಬೆಟ್ಟಗುಡ್ಡಗಳಿರುವುದರಿಂದ ಈ ಭಾಗದ ಕುಲುಮೆಗಳಿಗೆ ಕುಳ, ಗುದ್ದಲಿಗಳಂತೆಯೇ ಕಲ್ಲುಕುಟಿಗರ ಉಳಿ, ಚಾಣಗಳೂ ಬರುತ್ತವೆ. ಕುಶಲಕರ್ಮಿಗಳ ವೃತ್ತಿಪದಗಳನ್ನು ಸಂಗ್ರಹಿಸುವ ನನ್ನ ಸಂಶೋಧನೆಯ ಅಂಗವಾಗಿ ಅಲ್ಲಿಗೆ ಹೋಗಿದ್ದಾಗ, ಉಳಿಯ ಮೊನೆಯನ್ನು ಕಾಯಿಸಿ, ತಟ್ಟಿ, ನೀರಿಗದ್ದಿ ತೆಗೆಯುತ್ತಿದ್ದ ಹಿರಿಯರೊಬ್ಬರು ಹೇಳಿದ ಮಾತು ಈ ಲೇಖನದ ಮೂಲ: “ಕಾದ್ರೆ ಹದ ಹೋತದಪ್ಪ. ತಿರ್ಗಾ ಹಾಕ್ಬೇಕು.”

ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ನೀರಿಗದ್ದಿದಾಗ ಅದರಲ್ಲಿರುವ ಇಂಗಾಲಕ್ಕೆ ಹೊರಹೋಗಲು ಸಮಯ ಸಿಗುವುದಿಲ್ಲ. ಅದು ಕಬ್ಬಿಣದ ಪರಮಾಣುಗಳ ನಡುವೆಯೇ ಸಿಕ್ಕಿಕೊಂಡು ಅವುಗಳ ಜೋಡಣೆಯನ್ನು ಬಿಗಿಯುತ್ತದೆ. ಹದವೆಂದರೆ ಈ ಬಿಗಿತ. ಅದೇ ಉಳಿ ಮತ್ತೆ ಕೆಲವು ನೂರು ಡಿಗ್ರಿಗೆ ಕಾದರೆ ಇಂಗಾಲ ಬಿಡಿಸಿಕೊಂಡು ಹೊರಬರುತ್ತದೆ, ಬಿಗಿತ ಸಡಿಲುತ್ತದೆ. ತಣ್ಣಗಿರುವಾಗ ಲೋಹವನ್ನು ಗಟ್ಟಿಯಾಗಿಸಿದ ಉಪಾಯ ಬಿಸಿಯಲ್ಲಿ ಕೈಕೊಡುತ್ತದೆಂಬ ಈ ಸಂಗತಿಯಿಂದಲೇ ನಮ್ಮ ವಿಷಯ ಆರಂಭವಾಗುತ್ತದೆ. ಬೆಂಕಿಯಲ್ಲಿಯೂ ಹೋಗದ ಹದವೊಂದನ್ನು ಹುಡುಕುವುದೇ ಕ್ರೀಪ್ ನಿರೋಧಕ ಮಿಶ್ರಲೋಹಗಳ ಸಂಶೋಧನೆ.

ಅದೇ ಕುಲುಮೆಯಲ್ಲಿ ಲೋಹದ ಆಕಾರ ಬದಲಾಗುವುದನ್ನು ಕುರಿತು ನಾಲ್ಕು ಬೇರೆ ಬೇರೆ ಕ್ರಿಯಾಪದಗಳು ಬಳಕೆಯಾದುದನ್ನು ಗಮನಿಸಿದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ತೊಡಿಸುವ ಮುನ್ನ ಕಾಯಿಸಿದಾಗ ಅದು ‘ಹಿಗ್ಗು’ತ್ತದೆ, ತಣಿದಾಗ ಮೊದಲಿನಂತಾಗುತ್ತದೆ. ಸರಳನ್ನು ಕೈಯಿಂದ ಒತ್ತಿದರೆ ‘ಬಾಗು’ತ್ತದೆ, ಬಿಟ್ಟರೆ ನೆಟ್ಟಗಾಗುವುದೂ ಉಂಟು. ಸುತ್ತಿಗೆಯ ಪೆಟ್ಟಿಗೆ ‘ಸಾಗು’ತ್ತದೆ. ತೆಲುಗು ಮನೆಮಾತಾಗಿರುವವರು ಬಹಳಷ್ಟಿರುವ ಈ ಸೀಮೆಯಲ್ಲಿ ‘ಸಾಗು’ ಎಂಬುದಕ್ಕೆ ನೀಳವಾಗು ಎಂಬ ಅರ್ಥ ಎರಡೂ ಭಾಷೆಗಳ ಬಲದಿಂದ ಗಟ್ಟಿಯಾಗಿ ಉಳಿದಿದೆ. ನಾಲ್ಕನೆಯದು ‘ಜಗ್ಗು’. ಹಳೆಯ ಮನೆಯ ತೊಲೆ ಜಗ್ಗುತ್ತದೆ, ಬಟ್ಟೆ ಒಣಹಾಕುವ ತಂತಿ ಜಗ್ಗುತ್ತದೆ, ಸ್ನಾನದ ಹಂಡೆಯ ಒಲೆಗೆ ಅಡ್ಡವಾಗಿಟ್ಟ ಸರಳೂ ಜಗ್ಗುತ್ತದೆ.

ಈ ಕೊನೆಯ ಉದಾಹರಣೆಯೇ ಶುದ್ಧವಾದ ಕ್ರೀಪ್. ಹಂಡೆಯ ಭಾರ ಮೊದಲ ದಿನವೂ ಅಷ್ಟೇ, ಹತ್ತನೆಯ ವರ್ಷವೂ ಅಷ್ಟೇ. ಒಲೆಯ ಉರಿ ಕಬ್ಬಿಣವನ್ನು ಕರಗಿಸುವಷ್ಟಿಲ್ಲ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೂ ಸರಳು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ. ಹೊರೆ, ಬಿಸಿ, ಕಾಲ ಎಂಬ ಮೂರೂ ಸೇರಿದರೆ ಮಾತ್ರ ಇದು ಸಾಧ್ಯ. ಹಿಗ್ಗುವುದಕ್ಕೆ ಹೊರೆ ಬೇಡ; ಸಾಗುವುದಕ್ಕೆ ಕಾಲ ಬೇಡ; ಬಾಗುವುದಕ್ಕೆ ಬಿಸಿ ಬೇಡ.

‘ಜಗ್ಗು’ ಎಂಬುದು ಕೆಳಮುಖವಾದ ಇಳಿತವನ್ನಷ್ಟೇ ಸೂಚಿಸುತ್ತದೆಯೆಂಬ ಆಕ್ಷೇಪ ಬರಬಹುದು. ಆದರೆ ಅದೇ ಧಾತು ‘ಹಗ್ಗಜಗ್ಗಾಟ’ದಲ್ಲಿ ಎಳೆಯುವ ಅರ್ಥದಲ್ಲಿದೆ, ಉತ್ತರ ಕರ್ನಾಟಕದ ದಿನಬಳಕೆಯಲ್ಲಿ ಅದೇ ಮುಖ್ಯಾರ್ಥ. ಎಳೆತವನ್ನೂ ಎಳೆತಕ್ಕೆ ಮಣಿಯುವುದನ್ನೂ ಒಂದೇ ಧಾತು ಹೇಳುವುದು ಇಲ್ಲಿ ಅನುಕೂಲವೇ ಆಗಿದೆ. ಇಂಗ್ಲಿಷಿನ ಪದವನ್ನು ನೇರವಾಗಿ ಅನುಸರಿಸಿ ‘ತೆವಳುವಿಕೆ’ ಎನ್ನುವುದಕ್ಕೆ ನನ್ನ ಸಹಮತವಿಲ್ಲ. ತೆವಳುವ ಮಗು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುತ್ತದೆ; ಸರಳು ಎಲ್ಲಿಗೂ ಹೋಗುವುದಿಲ್ಲ.

3. ಸಾಲು, ಖಾಲಿ ಜಾಗ, ಹರಳು

ಜಗ್ಗುವಿಕೆಯನ್ನು ಕ್ರಮಬದ್ಧವಾಗಿ ಅಳೆದವರಲ್ಲಿ ಲಂಡನ್ನಿನ ಆಂಡ್ರೇಡ್ ಮೊದಲಿಗರು. 1910ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಸೀಸದ ತಂತಿಗಳೂ ಇದ್ದವು. ತಂತಿ ಉದ್ದವಾದಂತೆ ತೆಳ್ಳಗಾಗುತ್ತದೆ. ಭಾರ ಅಷ್ಟೇ ಇದ್ದರೂ ತೆಳ್ಳಗಾದ ತಂತಿಗೆ ಅದು ಹೆಚ್ಚಾಗುತ್ತದೆ. ಇದನ್ನು ಸರಿದೂಗಿಸಲು ಅವರು ತೂಕವು ಕೆಳಗಿಳಿದಂತೆಲ್ಲ ದ್ರವದಲ್ಲಿ ಮುಳುಗುತ್ತ ಹಗುರವಾಗುವ ಏರ್ಪಾಡು ಮಾಡಿದ್ದರು. ಸೀಸದ ತಂತಿ ಕೋಣೆಯ ಬಿಸಿಯಲ್ಲೇ ಜಗ್ಗುತ್ತದೆ. ನಿರಪೇಕ್ಷ ಮಾನದಲ್ಲಿ ಅಳೆದರೆ, ಲೋಹವೊಂದು ತಾನು ಕರಗುವ ಉಷ್ಣತೆಯ ಸುಮಾರು ಶೇಕಡಾ 40ನ್ನು ದಾಟಿದ ಮೇಲೆ ಜಗ್ಗುವಿಕೆ ಲೆಕ್ಕಕ್ಕೆ ಬರುತ್ತದೆ. ಸೀಸ ಕರಗುವುದು 600 ಕೆಲ್ವಿನ್‌ನಲ್ಲಿ. ನಮ್ಮ ಕೋಣೆಯ 300 ಕೆಲ್ವಿನ್ ಅದರ ಅರ್ಧ. ಕಬ್ಬಿಣಕ್ಕೆ ಈ ಗಡಿ ಸುಮಾರು 450 ಡಿಗ್ರಿ ಸೆಲ್ಸಿಯಸ್. ‘ಬಿಸಿ’ ಎಂಬುದು ಆಯಾ ಲೋಹಕ್ಕೆ ಸಾಪೇಕ್ಷವೆಂಬುದನ್ನು ಪಠ್ಯಗಳು ಒತ್ತಿಹೇಳಬೇಕು.

ಜಗ್ಗುವಿಕೆಗೆ ಮೂರು ಹಂತಗಳಿವೆ. ಮೊದಲು ತುಸು ವೇಗ, ಅದು ಬರಬರುತ್ತ ಇಳಿಯುತ್ತದೆ. ಆಮೇಲೆ ದೀರ್ಘಕಾಲ ಒಂದೇ ಸಮನೆಯ ನಿಧಾನಗತಿ. ಕೊನೆಗೆ ಒಳಗೆ ಸಣ್ಣ ತೂತುಗಳು ಹುಟ್ಟಿ, ಕೂಡಿಕೊಂಡು, ವೇಗವೇರಿ ಲೋಹ ಹರಿಯುತ್ತದೆ.

ಇದರ ಒಳಗಿನ ಕಾರಣವನ್ನು ಹೇಳಲು ಕೋಲಾರದ ರಾಗಿಹೊಲವೇ ಸಾಕು. ಕೂರಿಗೆಯಿಂದ ಬಿತ್ತಿದ ಹೊಲದಲ್ಲಿ ಪೈರು ಸಾಲುಸಾಲಾಗಿ ನಿಲ್ಲುವಂತೆ ಲೋಹದ ಹರಳಿನಲ್ಲಿ ಪರಮಾಣುಗಳು ನಿಂತಿರುತ್ತವೆ. ಎಲ್ಲೋ ಒಂದು ಸಾಲು ಹೊಲದ ನಡುವೆಯೇ ನಿಂತುಹೋಗಿದ್ದರೆ ಅದರ ತುದಿಯಲ್ಲಿ ಅಕ್ಕಪಕ್ಕದ ಸಾಲುಗಳು ಸೊಟ್ಟಗಾಗುತ್ತವೆ. ಇದನ್ನು ‘ಮುರಿದ ಸಾಲು’ ಎನ್ನೋಣ. ಹೊರೆ ಬಿದ್ದಾಗ ಇಡೀ ಲೋಹ ಒಮ್ಮೆಗೇ ಜರುಗುವುದಿಲ್ಲ. ಮುರಿದ ಸಾಲುಗಳು ಹರಳಿನೊಳಗೆ ಒಂದೊಂದೇ ಹೆಜ್ಜೆ ಸರಿಯುತ್ತವೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಪೈರು ನಿಂತಲ್ಲೇ ನಿಲ್ಲುತ್ತದೆ, ಪರಮಾಣು ನಿಲ್ಲುವುದಿಲ್ಲ. ಹರಳಿನಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿರುತ್ತವೆ. ಕಾದಂತೆ ಅವು ಹೆಚ್ಚುತ್ತವೆ. ಪಕ್ಕದ ಪರಮಾಣು ಖಾಲಿ ಜಾಗಕ್ಕೆ ಹಾರುವುದೂ ಹೆಚ್ಚುತ್ತದೆ. ಇದೇ ವಿಸರಣ.

ತಣ್ಣನೆಯ ಲೋಹದಲ್ಲಿ ಮುರಿದ ಸಾಲಿನ ದಾರಿಗೆ ಗಟ್ಟಿ ಕಣವೊಂದನ್ನು ಅಡ್ಡವಿಟ್ಟರೆ ಅದು ಅಲ್ಲೇ ನಿಲ್ಲುತ್ತದೆ. ಬಿಸಿಯಲ್ಲಿ ಹಾಗಲ್ಲ. ಸಾಲಿನ ತುದಿಯ ಪರಮಾಣುಗಳು ಖಾಲಿ ಜಾಗಗಳಿಗೆ ಹಾರಿಹೋದಂತೆ ತುದಿಯೇ ಮೇಲಕ್ಕೆ ಸರಿಯುತ್ತ ಅಡ್ಡಿಯನ್ನು ಹತ್ತಿ ದಾಟುತ್ತದೆ. ಹೊರೆಗೆ ಅವಸರವಿಲ್ಲ, ವರ್ಷಗಟ್ಟಲೆ ಕಾಲವಿದೆ. ಇದಲ್ಲದೆ ಹರಳುಗಳ ಅಂಚುಗಳೂ ಒಂದರ ಮೇಲೊಂದು ಜಾರುತ್ತವೆ. ಅಂಚಿನಲ್ಲಿ ಪರಮಾಣುಗಳ ಜೋಡಣೆ ಸಡಿಲವಾದ್ದರಿಂದ ವಿಸರಣಕ್ಕೆ ಅದು ಹೆದ್ದಾರಿ. ಸಣ್ಣ ಹರಳಿನ ಲೋಹ ತಣ್ಣಗಿರುವಾಗ ಗಟ್ಟಿ; ಬಿಸಿಯಲ್ಲಿ ಅದೇ ಬೇಗ ಜಗ್ಗುತ್ತದೆ. ಕಲ್ಲುಕುಟಿಗರಿಗೆ ನುಣ್ಣನೆಯ ಹರಳಿನ ಕಲ್ಲು, ದಪ್ಪ ಹರಳಿನ ಕಲ್ಲು ಎಂಬ ಭೇದ ಗೊತ್ತೇ ಇರುವುದರಿಂದ ‘ಹರಳು’ ಎಂಬ ಪದವನ್ನು ಇಲ್ಲಿ ಸಂಕೋಚವಿಲ್ಲದೆ ಬಳಸಬಹುದು.

4. ಬೆಂಕಿಯಲ್ಲಿ ನಿಲ್ಲುವ ಹದ

ಹಳೆಯ ವಿದ್ಯುತ್ ಒಲೆಯ ಸುರುಳಿ ನೈಕ್ರೋಮ್ ಎಂಬ ಮಿಶ್ರಲೋಹದ್ದು: ನೂರರಲ್ಲಿ ಸುಮಾರು ಎಂಬತ್ತು ಪಾಲು ನಿಕ್ಕಲ್, ಇಪ್ಪತ್ತು ಪಾಲು ಕ್ರೋಮಿಯಂ. ಕ್ರೋಮಿಯಂ ಮೇಲ್ಮೈಯಲ್ಲಿ ಬಿಗಿಯಾದ ಆಕ್ಸೈಡ್ ಪದರವನ್ನು ಕಟ್ಟುವುದರಿಂದ ಸುರುಳಿ ಉರಿದುಹೋಗುವುದಿಲ್ಲ, ಆದರೆ ಜಗ್ಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಟ್ಲ್ ಅವರ ಜೆಟ್ ಎಂಜಿನ್ನಿಗೆ ಲೋಹ ಬೇಕಾದಾಗ ಬ್ರಿಟನ್ನಿನ ಲೋಹತಜ್ಞರು ಈ ಸುರುಳಿಯ ಲೋಹಕ್ಕೇ ತುಸು ಟೈಟಾನಿಯಂ, ಅಲ್ಯೂಮಿನಿಯಂ ಬೆರೆಸಿ 1941ರ ಹೊತ್ತಿಗೆ ನಿಮೋನಿಕ್ 80 ಎಂಬ ಮಿಶ್ರಲೋಹವನ್ನು ಸಿದ್ಧಪಡಿಸಿದರು. ಜೆಟ್ ಯುಗದ ಲೋಹಗಳ ಒಂದು ಮುಖ್ಯ ವಂಶ ಒಲೆಯ ಸುರುಳಿಯಿಂದಲೇ ಹೊರಟಿತು.

ಬೆರೆಸಿದ ಅಲ್ಯೂಮಿನಿಯಂ, ಟೈಟಾನಿಯಂಗಳು ನಿಕ್ಕಲ್‌ನೊಡನೆ ಮೂರಕ್ಕೊಂದರಂತೆ ಕೂಡಿ ಅತಿಸೂಕ್ಷ್ಮ ಕಣಗಳಾಗಿ ಲೋಹದೊಳಗೇ ಒಡಮೂಡುತ್ತವೆ. ಇವಕ್ಕೆ ಗಾಮಾ-ಪ್ರೈಮ್ ಎಂದು ಹೆಸರು. ಇವುಗಳ ಪರಮಾಣುಗಳ ಸಾಲುಗಳು ಸುತ್ತಲಿನ ಲೋಹದ ಸಾಲುಗಳೊಡನೆ ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ. ಆದ್ದರಿಂದ ಕಣ ಮತ್ತು ಲೋಹಗಳ ನಡುವೆ ಬಿರುಕಿನಂತಹ ಗಡಿಯಿಲ್ಲ, ಕಾದರೂ ಬೇಗ ಒಂದಕ್ಕೊಂದು ಸೇರಿ ದಪ್ಪಗಾಗುವುದಿಲ್ಲ. (ಅರಿಸಮಾಸದ ಚರ್ಚೆಯನ್ನು ಬಲ್ಲ ನಮ್ಮ ಓದುಗರಿಗೆ ಹೊಂದಿಕೆಯಿಲ್ಲದ ಬೆರಕೆ ಏಕೆ ನಿಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ.) ಆದರೆ ಕಣದೊಳಗೆ ನಿಕ್ಕಲ್ ಎಲ್ಲಿ, ಅಲ್ಯೂಮಿನಿಯಂ ಎಲ್ಲಿ ಎಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಮುರಿದ ಸಾಲೊಂದು ಕಣದೊಳಗೆ ನುಗ್ಗಿದರೆ ಆ ಕ್ರಮ ಕೆಡುತ್ತದೆ. ಅದನ್ನು ಸರಿಪಡಿಸಲು ಹಿಂದಿನಿಂದ ಇನ್ನೊಂದು ಸಾಲು ಬರಲೇಬೇಕು. ಎಂದರೆ ಅವು ಜೋಡಿಯಾಗಿಯೇ ಸಾಗಬೇಕು, ಅದೂ ಬಹಳ ಕಷ್ಟದಿಂದ. ಇಂದಿನ ಅತ್ಯುತ್ತಮ ಮಿಶ್ರಲೋಹಗಳಲ್ಲಿ ಗಾತ್ರದ ಶೇಕಡಾ 60-70ರಷ್ಟು ಈ ಘನಾಕೃತಿಯ ಕಣಗಳೇ ತುಂಬಿದ್ದು, ನಡುವೆ ಉಳಿಯುವುದು ಓಣಿಗಳಂತಹ ಕಿರುದಾರಿ ಮಾತ್ರ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಸಾಮಾನ್ಯ ಲೋಹ ಕಾದಂತೆ ಮೆದುವಾದರೆ, ಗಾಮಾ-ಪ್ರೈಮ್ ಸುಮಾರು 700-800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಂತೆ ಗಟ್ಟಿಯಾಗುತ್ತದೆ. ಬಿಸಿಯ ನೆರವಿನಿಂದ ಮುರಿದ ಸಾಲಿನ ತುಣುಕುಗಳು ಅಡ್ಡ ಪಾತಳಿಗೆ ಜಾರಿ ಅಲ್ಲಿ ತಾವೇ ಸಿಕ್ಕಿಬೀಳುವುದು ಇದಕ್ಕೆ ಕಾರಣ. ಕುಲುಮೆಯ ಹಿರಿಯರ ಮಾತಿಗೆ ಇದು ಅಪರೂಪದ ಅಪವಾದ.

ಉಳಿದ ಉಪಾಯಗಳನ್ನು ಬೇಗ ಹೇಳಬಹುದು. ಟಂಗ್‌ಸ್ಟನ್, ಮಾಲಿಬ್ಡಿನಂ, ರೀನಿಯಂಗಳಂತಹ ದೊಡ್ಡ, ನಿಧಾನವಾಗಿ ಹಾರುವ ಪರಮಾಣುಗಳನ್ನು ಬೆರೆಸಿದರೆ ವಿಸರಣವೇ ಕುಂಟುತ್ತದೆ. ಅತಿಯಾದರೆ ಬೇಡದ ಗಡುಸು ಹರಳುಗಳು ಹುಟ್ಟಿ ಲೋಹ ಪೆಡಸಾಗುತ್ತದೆ. ಹರಳಂಚುಗಳಲ್ಲಿ ಕಾರ್ಬೈಡ್ ಕಣಗಳನ್ನು ಕೂರಿಸಿದರೆ ಜಾರುವುದು ಕಡಿಮೆಯಾಗುತ್ತದೆ. ಅಂಚುಗಳನ್ನೇ ಇಲ್ಲವಾಗಿಸುವುದು ಕೊನೆಯ ಉಪಾಯ. ಅಚ್ಚಿನಲ್ಲಿ ಎರೆದ ಲೋಹವನ್ನು ಒಂದೇ ದಿಕ್ಕಿನಿಂದ ನಿಧಾನವಾಗಿ ತಣಿಸಿದರೆ ಹರಳುಗಳು ಉದ್ದುದ್ದ ಕಂಬಗಳಾಗಿ ಬೆಳೆಯುತ್ತವೆ. ಎಳೆತಕ್ಕೆ ಅಡ್ಡವಾದ ಅಂಚು ಉಳಿಯುವುದಿಲ್ಲ. ಅಚ್ಚಿನ ಬುಡದಲ್ಲಿ ಸುರುಳಿದಾರಿಯೊಂದನ್ನಿಟ್ಟರೆ ಅದರ ತಿರುವುಗಳಲ್ಲಿ ಉಳಿದೆಲ್ಲ ಹರಳುಗಳು ತಡೆದುನಿಂತು ಒಂದೇ ಒಂದು ಮೇಲೆ ಬರುತ್ತದೆ, ಇಡೀ ಅಲಗು ಒಂದೇ ಹರಳಾಗುತ್ತದೆ. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಸಂಸ್ಥೆಯಲ್ಲಿ ಬೆಳೆದ ಈ ವಿದ್ಯೆ 1980ರ ದಶಕದ ಆರಂಭದಲ್ಲಿ ಪ್ರಯಾಣಿಕರ ವಿಮಾನಗಳಿಗೆ ಬಂತು.

5. ಬೆಂಗಳೂರು, ಹೈದರಾಬಾದು, ರಾಯಚೂರು

ದೇವರಾಯಸಮುದ್ರದಿಂದ ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಎರಡು ಗಂಟೆ ಹೋದರೆ ಈ ಸಮಸ್ಯೆಯೊಡನೆ ಆರು ದಶಕಗಳಿಂದ ಸೆಣಸಿರುವ ಊರು ಸಿಗುತ್ತದೆ. ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡ ‘ಮಾರುತ’ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಮೈಕಟ್ಟು ಚೆನ್ನಾಗಿತ್ತು, ಎಂಜಿನ್ನಿನ ಬಲ ಸಾಲಲಿಲ್ಲ. ಅದೇ ವರ್ಷ ಕಾನ್ಪುರದಿಂದ ಬೆಂಗಳೂರಿಗೆ ಬಂದ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ 1989ರಲ್ಲಿ ‘ಕಾವೇರಿ’ ಎಂಜಿನ್ನಿನ ಯೋಜನೆಯನ್ನು ಕೈಗೆತ್ತಿಕೊಂಡಿತು. 2008ರಲ್ಲಿ ಕಾವೇರಿಯನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. ತೇಜಸ್ ಅಮೆರಿಕದ ಎಂಜಿನ್ನಿನಿಂದಲೇ ಹಾರಿತು. ಕಾರಣಗಳು ಹಲವು. ಆದರೆ ಬಿಸಿಭಾಗದ ಲೋಹ ಎಷ್ಟು ತಾಳುತ್ತದೆಂಬುದು ಯಾವುದೇ ಜೆಟ್ ಎಂಜಿನ್ನಿನ ಶಕ್ತಿಗೆ ಎಲ್ಲೆಯನ್ನು ಹಾಕುತ್ತದೆ.

ಆ ಎಲ್ಲೆ ಎಷ್ಟು ಕಿರಿದೆಂಬುದನ್ನು ನೋಡಬೇಕು. ಟರ್ಬೈನಿಗೆ ನುಗ್ಗುವ ಅನಿಲ ಅಲಗಿನ ಲೋಹ ಕರಗುವ ಉಷ್ಣತೆಗಿಂತಲೂ ಬಿಸಿಯಾಗಿರುತ್ತದೆ. ಅಲಗಿನ ಒಳಗೆ ಕೊರೆದ ದಾರಿಗಳಲ್ಲಿ ಗಾಳಿ ಹರಿಸಿ, ಮೇಲೆ ಪಿಂಗಾಣಿಯಂತಹ ಲೇಪ ಕೊಟ್ಟು ಅದನ್ನು ಉಳಿಸುತ್ತಾರೆ. ಹಾಗಿದ್ದೂ ಲೋಹ ತಾನು ಕರಗುವ ನಿರಪೇಕ್ಷ ಉಷ್ಣತೆಯ ಶೇಕಡಾ 80ರ ಆಸುಪಾಸಿನಲ್ಲಿ ದುಡಿಯುತ್ತದೆ. ತಿರುಗುವ ರಭಸಕ್ಕೆ ಅಂಗೈಯಗಲದ ಅಲಗನ್ನು ಹಲವು ಟನ್ನುಗಳ ಎಳೆತ ಹೊರಕ್ಕೆ ಜಗ್ಗುತ್ತಿರುತ್ತದೆ. ಸುತ್ತಲಿನ ಕವಚಕ್ಕೂ ಅಲಗಿನ ತುದಿಗೂ ಇರುವ ಎಡೆ ತೀರ ಸಣ್ಣದು. ಲೋಹ ಹದಿನೈದಿಪ್ಪತ್ತು ಡಿಗ್ರಿ ಹೆಚ್ಚು ಕಾದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳ ಒರಟು ಲೆಕ್ಕ.

ಹೈದರಾಬಾದಿನ ರಕ್ಷಣಾ ಲೋಹಸಂಶೋಧನಾ ಪ್ರಯೋಗಾಲಯ ಒಂಟಿಹರಳಿನ ಅಲಗುಗಳನ್ನು ಎರೆಯುವ ವಿದ್ಯೆಯನ್ನು ಸಾಧಿಸಿ, ಹೆಲಿಕಾಪ್ಟರ್ ಎಂಜಿನ್ನಿಗಾಗಿ ಅಂತಹ 60 ಅಲಗುಗಳನ್ನು ಬೆಂಗಳೂರಿನ ಎಚ್‌ಎಎಲ್‌ಗೆ ಒಪ್ಪಿಸಿದ ಸುದ್ದಿ 2021ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಮಾನಿಯೋ ಚಟ್ಟೋಪಾಧ್ಯಾಯ ಮತ್ತು ಅವರ ಸಂಗಡಿಗರು ನಿಕ್ಕಲ್ಲಿನ ಬದಲು ಕೋಬಾಲ್ಟನ್ನು ಆಧಾರವಾಗಿಟ್ಟು, ಭಾರವಾದ ಟಂಗ್‌ಸ್ಟನ್ನನ್ನು ಕೈಬಿಟ್ಟು, ಗಾಮಾ-ಪ್ರೈಮ್ ಒಡಮೂಡುವ ಹಗುರ ಮಿಶ್ರಲೋಹವನ್ನು 2015ರಲ್ಲಿ ಪ್ರಕಟಿಸಿದರು. ಕನ್ನಡ ನಾಡಿನಲ್ಲಿ ನಡೆದ ಈ ಕೆಲಸಗಳನ್ನು ಕನ್ನಡದಲ್ಲಿ ಓದಲು ನಮ್ಮಲ್ಲಿ ಏನಿದೆಯೆಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಕೇಳಿಕೊಳ್ಳಬೇಕು.

ವಿಮಾನದ ಮಾತು ದೂರದ್ದೆನಿಸಿದರೆ ರಾಯಚೂರಿನ ಶಕ್ತಿನಗರವನ್ನು ನೋಡಬಹುದು. 1985ರಿಂದ ನಡೆದಿರುವ ಅಲ್ಲಿನ ಶಾಖೋತ್ಪನ್ನ ಸ್ಥಾವರದಂತಹ ಕಡೆ ಸುಮಾರು 540 ಡಿಗ್ರಿಯ ಹಬೆ ಅಧಿಕ ಒತ್ತಡದಲ್ಲಿ ಉಕ್ಕಿನ ಕೊಳವೆಗಳಲ್ಲಿ ಹರಿಯುತ್ತದೆ. ಕಬ್ಬಿಣದ ಗಡಿಯಾದ 450ನ್ನು ಇದು ದಾಟಿದೆ. ಆದ್ದರಿಂದ ಇಂತಹ ಕೊಳವೆಗಳ ಉಕ್ಕಿಗೆ ಕ್ರೋಮಿಯಂ, ಮಾಲಿಬ್ಡಿನಂಗಳನ್ನು ಸೇರಿಸಿರುತ್ತಾರೆ. ಅಲ್ಲಿ ಜಗ್ಗುವಿಕೆ ಕಾಣುವುದು ಕೊಳವೆಯ ಉಬ್ಬಾಗಿ. ಒಂದು ಲಕ್ಷ ಗಂಟೆ ದುಡಿದ ಬಾಯ್ಲರಿನ ಉಳಿದ ಆಯಸ್ಸನ್ನು ಪರೀಕ್ಷಿಸಬೇಕೆಂಬುದು ನಿಯಮ. ಕೊಳವೆಯ ಮೈಯನ್ನು ಹೊಳಪುಗೊಳಿಸಿ, ತೆಳುಹಾಳೆಯ ಮೇಲೆ ಅದರ ಅಚ್ಚೊತ್ತಿ, ಹರಳಂಚುಗಳಲ್ಲಿ ತೂತುಗಳು ಸಾಲುಗಟ್ಟಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

6. ಪದಗಳ ಪರೀಕ್ಷೆ

ಮೇಲಿನ ನಿರೂಪಣೆಯಲ್ಲಿ ಜಗ್ಗು, ಹದ, ಹರಳಂಚು, ಮುರಿದ ಸಾಲು, ಖಾಲಿ ಜಾಗ ಎಂಬ ಪದಗಳನ್ನು ಬಳಸಿದೆ. ವಿಸರಣ, ಮಿಶ್ರಲೋಹ ಎಂಬ ರೂಢಿಯ ಪದಗಳನ್ನು ಉಳಿಸಿಕೊಂಡೆ. ಗಾಮಾ-ಪ್ರೈಮ್‌ಗೆ ಕನ್ನಡವನ್ನು ಹುಡುಕಲಿಲ್ಲ, ಏಕೆಂದರೆ ಅದು ಹೆಸರೇ ಹೊರತು ವರ್ಣನೆಯಲ್ಲ. ‘ಕ್ರೀಪ್’ ಎಂಬ ಮೂಲಪದವನ್ನೂ ವಿದ್ಯಾರ್ಥಿ ಕಲಿಯಲೇಬೇಕು. ಮುಂದೆ ಅವನು ಕೆಲಸ ಮಾಡುವ ಕಾರ್ಖಾನೆಯ ಕಾಗದಗಳಲ್ಲಿ ಇರುವುದು ಅದೇ. ‘ಮುರಿದ ಸಾಲು’ ನನಗೆ ಪೂರ್ಣ ತೃಪ್ತಿ ಕೊಟ್ಟಿಲ್ಲ. ಈ ದೋಷದಲ್ಲಿ ಎರಡು ಬಗೆಗಳಿದ್ದು, ಎರಡನೆಯ ಬಗೆಯಲ್ಲಿ ಸಾಲು ಮುರಿಯುವುದಿಲ್ಲ, ಮೆಟ್ಟಿಲಿನಂತೆ ಸುತ್ತಿಕೊಂಡು ಏರುತ್ತದೆ. ಅದನ್ನೂ ಒಳಗೊಳ್ಳುವ ಪದ ನೇಕಾರರ ಅಥವಾ ಬಡಗಿಗಳ ಮಾತಿನಲ್ಲಿ ಇರಬಹುದೆಂಬ ಊಹೆಯಿಂದ ಸಂಗ್ರಹವನ್ನು ಮುಂದುವರಿಸಿದ್ದೇನೆ.

ಹೊಸ ಕರಡನ್ನು ಮೊದಲಿನ ಆ ವಿದ್ಯಾರ್ಥಿಗೇ ಓದಲು ಕೊಟ್ಟೆ. ಈ ಸಲ ಅವನ ಪ್ರಶ್ನೆ ಬೇರೆಯಾಗಿತ್ತು. ಅವರ ಮನೆಯಲ್ಲಿ ಹಂಡೆಯ ಒಲೆಯ ಸರಳು ಜಗ್ಗಿದಾಗ ಅಜ್ಜಿ ಅದನ್ನು ತಿರುವಿ ಹಾಕುತ್ತಾರಂತೆ. ಕೆಲವು ತಿಂಗಳಲ್ಲಿ ಹಂಡೆಯ ಭಾರಕ್ಕೆ ಅದು ನೆಟ್ಟಗಾಗುತ್ತದೆ. ಹಾಗಾದರೆ ಲೋಹ ಮೊದಲಿನಂತಾಯಿತೇ? ಆಕಾರವೇನೋ ಮರಳುತ್ತದೆ. ಆದರೆ ಹರಳಂಚುಗಳಲ್ಲಿ ಒಮ್ಮೆ ಹುಟ್ಟಿದ ತೂತುಗಳು ಸರಳನ್ನು ತಿರುವಿದ ಮಾತ್ರಕ್ಕೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ತುಕ್ಕಾಗಿ ಉದುರಿದ ಕಬ್ಬಿಣವೂ ಮರಳಿ ಬರುವುದಿಲ್ಲ. ನೆಟ್ಟಗಾದ ಸರಳು ಮೊದಲಿಗಿಂತ ಬೇಗ ಜಗ್ಗುತ್ತದೆ.